ನೋಡೋಕೆ ಚೆನ್ನಾಗೇ ಇದ್ದೀರಲ್ಲ!

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ ಅಂತ ಹೇಳಿದಾಗ ನಮ್ಮ ಎಚ್‌ಆರ್ ಮೇಡಂ ಆಡಿದ ಮೊದಲ ಮಾತು ಇದು. ಹೊಗಳಿಕೆ ಅಂದುಕೊಂಡು ನಕ್ಕೆ. ಎರಡನೇ ಮಾತಿಗೆ ನಗು ನಿಂತಿತು: ‘40 ಪರ್ಸೆಂಟ್ ಅಂಗವಿಕಲತೆ ಸರ್ಟಿಫಿಕೇಟ್ ಇದೆಯಾ?’

ನಾನೇನು ಪ್ರಮೋಷನ್ ಕೇಳಿರಲಿಲ್ಲ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಬಿಸಿಲು ಬೀಳೋ ಕಿಟಕಿ ಬಿಟ್ಟು ಎಸಿ ಕೆಳಗೊಂದು ಸೀಟು. ಅಷ್ಟೇ.

ಎಸಿ ಯಾಕೆ? ಈ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಮೆದುಳು ಮತ್ತು ಬೆನ್ನುಹುರಿಯ ನರಗಳ ಮೇಲಿರುವ ಮೈಲಿನ್ ಹೊದಿಕೆಯನ್ನು ಹಾಳು ಮಾಡುತ್ತೆ. ಪ್ಲಾಸ್ಟಿಕ್ ಸುಲಿದ ವೈರ್ ಇದ್ದ ಹಾಗೆ. ಮೈ ಸ್ವಲ್ಪ ಬಿಸಿಯಾದರೂ ಸಿಗ್ನಲ್ ತಪ್ಪುತ್ತೆ, ಕಣ್ಣು ಮಂಜಾಗುತ್ತೆ. ಶ್ರಮಪಟ್ಟಾಗ ಇಂಥ ರೋಗಿಗಳ ದೃಷ್ಟಿ ಮಸುಕಾಗುವುದನ್ನು ಜರ್ಮನಿಯ ವೈದ್ಯ ಊಟ್‌ಹಾಫ್ 1890ರಲ್ಲೇ ಬರೆದಿಟ್ಟಿದ್ದಾರೆ. ನಮ್ಮ ಆಫೀಸಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

‘ಸುಸ್ತು ಯಾರಿಗಿಲ್ಲ? ಸಿಲ್ಕ್ ಬೋರ್ಡ್ ದಾಟಿ ಬಂದ್ರೆ ಎಲ್ರಿಗೂ ಸುಸ್ತೇ’ ಅಂದರು ಮ್ಯಾನೇಜರ್. ಸಾರ್, ನಿಮ್ಮ ಸುಸ್ತು ನಿದ್ದೆ ಮಾಡಿದರೆ ಹೋಗುತ್ತೆ. ನನ್ನದು ಬೆಳಗ್ಗೆ ನನ್ನ ಜೊತೆಗೇ ಏಳುತ್ತೆ.

ಇನ್ನು ಬಂಧುಗಳ ಸಂಶೋಧನೆ ಬೇರೆ: ‘ಲ್ಯಾಪ್‌ಟಾಪ್ ನೋಡಿ ನೋಡಿ ಬಂದಿದ್ದು.’ ನಿಜವಾದ ಸಂಶೋಧನೆ ಎಲ್ಲಿಗೋ ಹೋಗಿದೆ. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ಆಧರಿಸಿದ ಅಧ್ಯಯನ 2022ರಲ್ಲಿ ಬಂತು. ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಈ ಕಾಯಿಲೆಯ ಅಪಾಯ 32 ಪಟ್ಟು ಏರುತ್ತೆ ಅಂತ ಅದು ತೋರಿಸಿತು. ವೈರಸ್ ಬಹುತೇಕ ಎಲ್ಲರ ಮೈಯಲ್ಲೂ ಇದೆ, ಕಾಯಿಲೆ ಬರೋದು ಕೆಲವರಿಗೆ ಮಾತ್ರ. ಹಾಗಾಗಿ ಹುಡುಕಾಟ ಮುಗಿದಿಲ್ಲ. ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ; ಇವತ್ತು ಆರು ತಿಂಗಳಿಗೊಮ್ಮೆ ಡ್ರಿಪ್ ಹಾಕಿಸಿಕೊಂಡು ಕೆಲಸ ಮಾಡೋ ನನ್ನಂಥವರಿದ್ದೇವೆ. ಔಷಧಿ ನನ್ನನ್ನು ಆಫೀಸಿನ ಬಾಗಿಲವರೆಗೆ ತಂದು ಬಿಟ್ಟಿದೆ. ಒಳಗೆ ಕೂರಿಸಬೇಕಾದವರು ನೀವು.

ಕಾನೂನೂ ನಿಮಗಿಂತ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಈ ಕಾಯಿಲೆಯ ಹೆಸರೂ ಇದೆ. 40 ಪರ್ಸೆಂಟ್ ಅನ್ನೋದು ಸರ್ಕಾರಿ ನೌಕರಿಯ ಮೀಸಲಾತಿಯಂಥದ್ದಕ್ಕೆ ಇಟ್ಟ ಅಳತೆ. ಎಸಿ ಕೆಳಗಿನ ಸೀಟಿಗಲ್ಲ! ಸಮಂಜಸ ಅನುಕೂಲ ನಿರಾಕರಿಸಿದರೆ ಅದು ತಾರತಮ್ಯ ಅಂತ ಕಾಯ್ದೆಯೇ ಹೇಳುತ್ತೆ.

‘ಒಬ್ಬರಿಗೆ ಕೊಟ್ರೆ ಎಲ್ರೂ ಕೇಳ್ತಾರೆ’ ಅಂತೀರಾ? ಕೇಳಲಿ. ಎಂಆರ್‌ಐ ರಿಪೋರ್ಟ್, ಡಾಕ್ಟರ ಪತ್ರ ನೋಡಿ ಕೊಡಿ. ಕಿಟಕಿ ಸೀಟು ತಪ್ಪಿಸಿಕೊಳ್ಳೋಕೆ ಯಾರೂ ಬೆನ್ನುಹುರಿಗೆ ಗಾಯ ಮಾಡಿಕೊಳ್ಳಲ್ಲ.

ಈ ಕಾಯಿಲೆ ಹೆಚ್ಚಾಗಿ ಶುರುವಾಗೋದು 20ರಿಂದ 40ರ ವಯಸ್ಸಿನಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಜಾಸ್ತಿ. ಅಂದರೆ ನಿಮ್ಮ ಟೀಮಿನ ವಯಸ್ಸಿನವರಿಗೇ. ಖಾಸಗಿ ಕಂಪನಿಗಳಿಗೂ ಸಮಾನ ಅವಕಾಶ ನೀತಿ ಇರಲೇಬೇಕು. ನಿಮ್ಮ ಕಂಪನಿಯದು ಎಲ್ಲಿದೆ ಅಂತ ಇವತ್ತೇ ಒಂದು ಮೇಲ್ ಹಾಕಿ ಕೇಳಿ. ಕಾಯಿಲೆ ಬಂದ ಮೇಲೆ ಕೇಳೋಕೆ ಶಕ್ತಿ ಇರಲ್ಲ. ಅನುಭವದಿಂದ ಹೇಳ್ತಿದ್ದೀನಿ.