ಗಣಕಕ್ಕೂ ಬೇಸಿಗೆ ಉಂಟು

ಮಲಪ್ರಭೆಯ ದಂಡೆಯಲ್ಲಿರುವ ಹೊಳೆಮಣ್ಣೂರಿನಂತಹ ಊರುಗಳಲ್ಲಿ ಬೇಸಿಗೆಯ ದಿನ ಎತ್ತುಗಳನ್ನು ನಸುಕಿನಲ್ಲಿಯೇ ಹೂಡುತ್ತಾರೆ. ಬಿಸಿಲೇರುತ್ತಲೇ ಕೊಳ್ಳು ಹರಿದು ನೆರಳಿಗೆ ಕಟ್ಟುತ್ತಾರೆ. ಎತ್ತು ಎಷ್ಟೇ ಬಲಶಾಲಿಯಾಗಿದ್ದರೂ ಅದು ಎಷ್ಟು ಹೊತ್ತು ದುಡಿಯಬಲ್ಲದೆಂಬುದನ್ನು ಕಡೆಗೆ ನಿರ್ಣಯಿಸುವವನು ನೆತ್ತಿಯ ಮೇಲಿನ ಸೂರ್ಯನೇ. ರೋಣ ನರಗುಂದಗಳ ಸೀಮೆಯ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ರೈತನ ಮನೆಯೊಳಗೆ ಮೇಜಿನ ಮೇಲೆ ಕುಳಿತಿರುವ ಕಂಪ್ಯೂಟರಿಗೂ ಈ ನಿಯಮವೇ ಅನ್ವಯಿಸುತ್ತದೆಂಬುದು ಬಹು ಮಂದಿಗೆ ಹೊಳೆಯುವುದಿಲ್ಲ.

ಯಂತ್ರವನ್ನು ಕೊಂಡು ನಾಲ್ಕಾರು ವರ್ಷಗಳಾದ ಮೇಲೆ ಅದು ನಿಧಾನವೆನಿಸತೊಡಗುವುದು ಸಹಜ. ಧಾರವಾಡದಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಓದುವ ಮಗ ರಜೆಗೆಂದು ಊರಿಗೆ ಬಂದವನು, ‘ಹೊಸಾದು ಯಾಕ ಬೇಕಪ್ಪಾ? ಇದನ್ನ ಓವರ್‌ಕ್ಲಾಕ್ ಮಾಡಿದ್ರ ಆತು’ ಎನ್ನುತ್ತಾನೆ. ಖರ್ಚಿಲ್ಲದ ಮಾತು ತಂದೆಗೆ ಹಿತವಾಗಿಯೇ ಕೇಳಿಸುತ್ತದೆ. ಆದರೆ ಆ ಯಂತ್ರದಲ್ಲಿ ಮನೆಯ ಲೆಕ್ಕಪತ್ರವಿದೆ, ಮಗಳ ಪ್ರಬಂಧವಿದೆ, ತೀರಿಕೊಂಡ ಅಜ್ಜಿಯ ಭಾವಚಿತ್ರಗಳಿವೆ. ಖರ್ಚಿಲ್ಲದ ವೇಗವೆಂಬುದು ಉಂಟೆ? ಕೈಹಾಕುವ ಮೊದಲು ಇದನ್ನು ವಿಚಾರಿಸುವುದು ಒಳ್ಳೆಯದು.

ಗಡಿಯಾರದ ಬಡಿತ

ಕಂಪ್ಯೂಟರಿನ ಮಿದುಳೆನಿಸಿಕೊಂಡ ಪ್ರೊಸೆಸರು ಒಂದು ಗಡಿಯಾರದ ಬಡಿತಕ್ಕೆ ಹೆಜ್ಜೆ ಹಾಕುತ್ತದೆ. ಭಜನೆಯಲ್ಲಿ ತಾಳಕ್ಕೆ ಎಲ್ಲರೂ ದನಿಗೂಡಿಸುವಂತೆ ಅದರೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಆ ಬಡಿತವನ್ನನುಸರಿಸಿ ತೆರೆದು ಮುಚ್ಚುತ್ತವೆ. 4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ಬಡಿತ. 100 ಮೆಗಾಹರ್ಟ್ಸಿನ ಮೂಲ ಬಡಿತವನ್ನು 40ರಿಂದ ಗುಣಿಸಿಕೊಂಡು ಪ್ರೊಸೆಸರು ಈ ವೇಗವನ್ನು ಮುಟ್ಟುತ್ತದೆ. ಆ ಗುಣಕವನ್ನು 41, 42 ಎಂದು ಏರಿಸುವುದೇ ಓವರ್‌ಕ್ಲಾಕಿಂಗ್. ಎಲ್ಲ ಪ್ರೊಸೆಸರುಗಳೂ ಇದಕ್ಕೆ ಒಪ್ಪುವುದಿಲ್ಲ. ಇಂಟೆಲ್ ಕಂಪನಿಯವುಗಳಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ ‘ಕೆ’ ಅಕ್ಷರವಿರುವವು ಬೀಗ ತೆರೆದಂಥವು, ಎ.ಎಂ.ಡಿ. ಕಂಪನಿಯ ರೈಜನ್‌ಗಳಲ್ಲಿ ಹೆಚ್ಚಿನವು ತೆರೆದೇ ಇರುತ್ತವೆ. ಮದರ್‌ಬೋರ್ಡಿನ ಅನುಮತಿಯೂ ಬೇಕು.

ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಚಿಪ್ಪುಗಳೂ ಒಂದರಂತೆ ಒಂದಿರುವುದಿಲ್ಲ. ಅವುಗಳಲ್ಲಿ ದುರ್ಬಲವಾದುದೂ ತಪ್ಪಿಲ್ಲದೆ ನಡೆಯಲೆಂದು ತಯಾರಕರು ವೇಗವನ್ನು ನಮೂದಿಸುವಾಗ ಕೊಂಚ ಎಡೆಯನ್ನು ಉಳಿಸಿರುತ್ತಾರೆ. ಓವರ್‌ಕ್ಲಾಕ್ ಮಾಡುವವನು ಬಳಸಿಕೊಳ್ಳುವುದು ಈ ಎಡೆಯನ್ನೇ. ಆದರೆ ಇಂದಿನ ಪ್ರೊಸೆಸರುಗಳು ಬಿಸಿಯನ್ನು ತಾವೇ ಅಳೆದುಕೊಂಡು, ಅನುಕೂಲವಿದ್ದಾಗ ತಾವಾಗಿಯೇ ವೇಗವನ್ನು ಏರಿಸಿಕೊಳ್ಳುತ್ತವೆ. ಆದಕಾರಣ ಹಿಂದಿನವರಿಗೆ ದೊರೆಯುತ್ತಿದ್ದಷ್ಟು ಎಡೆ ಇಂದಿನವರಿಗೆ ಉಳಿದಿಲ್ಲ.

ಬಿಸಿಯ ಲೆಕ್ಕ

ಬಡಿತ ಚುರುಕಾದಂತೆ ಟ್ರಾನ್ಸಿಸ್ಟರಿಗೆ ಹೊರಳಲು ಸಿಗುವ ಕಾಲ ಕಿರಿದಾಗುತ್ತದೆ. ಅಷ್ಟರಲ್ಲಿಯೇ ಅದು ಹೊರಳಬೇಕಾದರೆ ವೋಲ್ಟೇಜನ್ನು ಹೆಚ್ಚಿಸಬೇಕಾಗುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ. ದುಡಿಯುವ ಪ್ರೊಸೆಸರು ಹೀರುವ ವಿದ್ಯುತ್ತಿನ ದೊಡ್ಡ ಪಾಲು ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ಹೀರಿದುದೆಲ್ಲ ಕಡೆಗೆ ಬಿಸಿಯಾಗಿ ಹೊರಬೀಳುತ್ತದೆ. ವೇಗವನ್ನು ನೂರಕ್ಕೆ 10ರಷ್ಟು, ವೋಲ್ಟೇಜನ್ನೂ ನೂರಕ್ಕೆ 10ರಷ್ಟು ಏರಿಸಿದರೆ ಬಿಸಿ ಏರುವುದು ನೂರಕ್ಕೆ 33ರಷ್ಟು. ಹತ್ತರ ಲಾಭಕ್ಕೆ ಮೂವತ್ತಮೂರರ ವೆಚ್ಚ!

ಇದಕ್ಕೆ ಕರ್ನಾಟಕದವರೂ ಪಾಲುಗೊಂಡ ಒಂದು ಪ್ರಯೋಗವೇ ಸಾಕ್ಷಿ. 2007ರಲ್ಲಿ ಇಂಟೆಲ್ ಕಂಪನಿಯು 80 ಕೋರುಗಳ ಒಂದು ಸಂಶೋಧನಾ ಚಿಪ್ಪಿನ ವಿವರಗಳನ್ನು ಪ್ರಕಟಿಸಿತು. ಅದರ ವಿನ್ಯಾಸದಲ್ಲಿ ಅಮೆರಿಕೆಯವರೊಡನೆ ಬೆಂಗಳೂರಿನ ಎಂಜಿನಿಯರುಗಳೂ ದುಡಿದಿದ್ದರು. 3.16 ಗಿಗಾಹರ್ಟ್ಸ್ ವೇಗದಲ್ಲಿ ಅದು ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕಗಳನ್ನು ಮಾಡಿ, ಸುಮಾರು 62 ವ್ಯಾಟ್ ವಿದ್ಯುತ್ತನ್ನು ಹೀರಿತು. ವೋಲ್ಟೇಜನ್ನು ಏರಿಸಿ 5.1 ಗಿಗಾಹರ್ಟ್ಸಿಗೆ ಓಡಿಸಿದಾಗ 175 ವ್ಯಾಟ್ ಬೇಕಾಯಿತು, 5.7ಕ್ಕೆ ಮುಟ್ಟಿಸಿದಾಗ 265 ವ್ಯಾಟ್. ವೇಗ ಎರಡು ಪಟ್ಟಾಗಲಿಲ್ಲ, ವಿದ್ಯುತ್ತು ಮಾತ್ರ ನಾಲ್ಕು ಪಟ್ಟನ್ನು ಮೀರಿತು. ಕಡೆಯ ಕೆಲವು ಹೆಜ್ಜೆಗಳೇ ಎಲ್ಲಕ್ಕಿಂತ ದುಬಾರಿಯಾದವು ಎಂಬುದನ್ನು ಓದುಗರು ಗಮನಿಸಬೇಕು.

ಊರಿನ ಗಾಳಿ

ಹುಟ್ಟಿದ ಬಿಸಿಯನ್ನು ಸಾಗಿಸುವ ಏರ್ಪಾಡು ಸರಳವಾದುದು. ಪ್ರೊಸೆಸರಿನ ಮೇಲೆ ತೆಳುವಾಗಿ ಸವರಿದ ಲೇಪ, ಅದರ ಮೇಲೆ ತಾಮ್ರದ ಕೊಳವೆಗಳು, ಅವುಗಳಿಗೆ ಜೋಡಿಸಿದ ಅಲ್ಯುಮಿನಿಯಂ ರೆಕ್ಕೆಗಳು, ಗಾಳಿಯೂದುವ ಫ್ಯಾನು. ಹೆಚ್ಚು ಬೆಲೆಯ ಯಂತ್ರಗಳಲ್ಲಿ ಕೊಳವೆಯೊಳಗೆ ನೀರು ಹರಿಯುತ್ತದೆ. ಆದರೆ ಆ ನೀರೂ ತನ್ನ ಬಿಸಿಯನ್ನು ಕೋಣೆಯ ಗಾಳಿಗೇ ಒಪ್ಪಿಸಬೇಕು. ಕೋಣೆಯ ಗಾಳಿಗಿಂತ ತಣ್ಣಗೆ ಪ್ರೊಸೆಸರನ್ನು ಇಡುವುದು ಎರಡರಿಂದಲೂ ಆಗದು.

ಒಂದು ಉದಾಹರಣೆ ನೋಡೋಣ. ಪೂರ್ಣ ದುಡಿಮೆಯಲ್ಲಿ ಪ್ರೊಸೆಸರು ಕೋಣೆಯ ಗಾಳಿಗಿಂತ 50 ಡಿಗ್ರಿ ಹೆಚ್ಚು ಕಾಯುತ್ತದೆನ್ನಿ. 20 ಡಿಗ್ರಿಯ ಕೋಣೆಯಲ್ಲಿ ಅದು 70 ಡಿಗ್ರಿ, ಚಿಂತೆಯಿಲ್ಲ. ಬಿಸಿ ಮೂರನೆಯ ಒಂದರಷ್ಟು ಹೆಚ್ಚಿದರೆ ಆ 50, ಸುಮಾರು 67 ಆಗುತ್ತದೆ. ಆಗಲೂ ತಣ್ಣನೆಯ ಕೋಣೆಯಲ್ಲಿ 87 ಡಿಗ್ರಿಗೆ ನಿಂತೀತು. ಅದೇ ಯಂತ್ರ ವೈಶಾಖದ ನಡುಹಗಲಿನಲ್ಲಿ, 40 ಡಿಗ್ರಿಗೆ ಕಾದ ಬಯಲುಸೀಮೆಯ ಕೋಣೆಯಲ್ಲಿದ್ದರೆ 107 ಡಿಗ್ರಿಯಾಗಬೇಕು! ಆದರೆ 95 ಅಥವಾ 100 ಡಿಗ್ರಿಯ ಸುಮಾರಿಗೆ ಪ್ರೊಸೆಸರು ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ. ಏರಿಸಿದ ವೇಗವನ್ನು ಬಿಸಿಲು ಹಿಂದಕ್ಕೆ ಕಸಿದುಕೊಂಡಂತಾಯಿತು. ಬೇರೆ ದೇಶದ ಚಳಿಯಲ್ಲಿ ಕುಳಿತವರು ಹೇಳುವ ಅಂಕೆಗಳನ್ನು ಇಲ್ಲಿ ಹಾಗೆಯೇ ನಂಬಬಾರದೆನ್ನುವುದು ಇದಕ್ಕಾಗಿಯೇ. 2022ರಲ್ಲಿ ಒಂದು ಪ್ರೊಸೆಸರು 9 ಗಿಗಾಹರ್ಟ್ಸನ್ನು ದಾಟಿದ್ದುಂಟು. ಆದರೆ ಅದನ್ನು ತಂಪುಗೊಳಿಸಿದ್ದು ದ್ರವ ಹೀಲಿಯಂ. ಅದು ಪಂದ್ಯದ ಮಾತು, ಸಂಸಾರದ ಮಾತಲ್ಲ.

ಧೂಳಿನ ಕಥೆಯೂ ಇದೆ. ಜೋಳ ಕಡಲೆಗಳ ರಾಶಿಯ ದಿನಗಳಲ್ಲಿ ಹಾರುವ ಹೊಟ್ಟು, ಎರೆಮಣ್ಣಿನ ನುಣುಪಾದ ಧೂಳು ಆ ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂಡುತ್ತವೆ. ಎಷ್ಟೋ ವೇಳೆ ‘ನಿಧಾನವಾಯಿತು’ ಎನ್ನುವ ಯಂತ್ರಕ್ಕೆ ಬೇಕಾದುದು ಹೊಸ ವೇಗವಲ್ಲ, ಒಂದು ಒಳ್ಳೆಯ ಧೂಳು ಹೊಡೆತ. ಯಂತ್ರದ ವಿದ್ಯುತ್ ಸಂಪರ್ಕವನ್ನು ಪೂರ್ತಿ ತೆಗೆದು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಬ್ಲೋವರಿನಿಂದ ಊದಿ, ಒಣಗಿದ ಲೇಪವನ್ನು ಒರೆಸಿ ಹೊಸದನ್ನು ಸವರಿದರೆ ಕಳೆದುಹೋದ ವೇಗವು ಮರಳಿ ಬರುವುದುಂಟು.

ಕಾಣದ ತಪ್ಪು

ಬಿಸಿಗಿಂತಲೂ ಭಯಂಕರವಾದುದು ಅಸ್ಥಿರತೆ. ವೇಗ ಅತಿಯಾದಾಗ ಯಂತ್ರವು ತಟ್ಟನೆ ನಿಂತುಬಿಟ್ಟರೆ ಅದು ಪುಣ್ಯವೆಂದೇ ತಿಳಿಯಬೇಕು. ತಪ್ಪು ಕಣ್ಣಿಗೆ ಬಿತ್ತು. ನಿಲ್ಲದೆಯೇ, ಸಾವಿರ ಕೋಟಿ ಲೆಕ್ಕಗಳಲ್ಲಿ ಒಂದನ್ನು ತಪ್ಪಿ ಮುಂದೆ ಸಾಗಿದರೆ? ಆ ತಪ್ಪು ಕಡತದೊಳಗೆ ಸೇರುತ್ತದೆ. ಆರು ತಿಂಗಳ ಬಳಿಕ ಅಜ್ಜಿಯ ಭಾವಚಿತ್ರವನ್ನು ತೆರೆಯಹೋದಾಗ ಅರ್ಧ ಮಾತ್ರ ತೆರೆದೀತು. ಆಗ ಕಾರಣವನ್ನು ಯಾರು ಬಲ್ಲರು?

ಹೀಗಾಗದಂತೆ ಒರೆಗೆ ಹಚ್ಚುವುದಕ್ಕೆ ಸಾಧನಗಳಿವೆ. ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು ಹುಟ್ಟಿದ ಪ್ರೈಮ್95 ಎಂಬ ತಂತ್ರಾಂಶವು ತಾನು ಮಾಡಿದ ಲೆಕ್ಕವನ್ನು ತಾನೇ ತಾಳೆ ನೋಡುತ್ತದೆ. ಸಣ್ಣ ತಪ್ಪನ್ನೂ ಬಿಡದೆ ಹೇಳುತ್ತದೆ. ಗಣಿತಜ್ಞರ ಈ ಉಪಕರಣವೇ ಓವರ್‌ಕ್ಲಾಕ್ ಮಾಡುವವರ ಒರೆಗಲ್ಲಾಯಿತು. ಮೆಮೊರಿಯ ಪರೀಕ್ಷೆಗೆ ಮೆಮ್‌ಟೆಸ್ಟ್86 ಇದೆ.

ಕ್ರಮ ಹೀಗೆ. ಮೊದಲು ಕಡತಗಳೆಲ್ಲದರ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇರಿಸಬೇಕು. ಬಯಾಸಿನಲ್ಲಿರುವ ಮೂಲ ಅಂಕೆಗಳನ್ನು ಕಾಗದದ ಮೇಲೆ ಬರೆದಿಡಬೇಕು. ಅನಂತರ ಗುಣಕವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಮೆಟ್ಟಿಲಿನಲ್ಲಿಯೂ ಪರೀಕ್ಷಿಸಬೇಕು. ತಪ್ಪು ತೋರಿದರೆ ವೋಲ್ಟೇಜನ್ನು ಅತ್ಯಲ್ಪವಾಗಿ, ವೋಲ್ಟಿನ ನೂರನೆಯ ಒಂದು ಭಾಗದಷ್ಟು ಹೆಚ್ಚಿಸಿ ನೋಡಬಹುದು; ಬಿಸಿ 85 ಡಿಗ್ರಿಯನ್ನು ಸಮೀಪಿಸಿದರೆ ಅಲ್ಲಿಗೇ ನಿಲ್ಲಿಸುವುದು ವಿವೇಕ. ಕಡೆಯ ಪರೀಕ್ಷೆ ಹಲವು ಗಂಟೆಗಳ ಕಾಲ ನಡೆಯಬೇಕು, ಅದೂ ಮಧ್ಯಾಹ್ನದ ಸೆಕೆಯಲ್ಲಿ. ಪುಷ್ಯಮಾಸದ ಚಳಿಯಲ್ಲಿ ತೇರ್ಗಡೆಯಾದ ಯಂತ್ರ ವೈಶಾಖದಲ್ಲಿ ಕೈಕೊಡಬಹುದು. ವಿದ್ಯುತ್ತಿನ ಏರಿಳಿತದಿಂದ ಯಂತ್ರ ನಿಂತರೂ ಅದು ಅಸ್ಥಿರತೆಯಂತೆಯೇ ಕಾಣುವುದರಿಂದ ಯು.ಪಿ.ಎಸ್. ಇಲ್ಲದೆ ಈ ಪರೀಕ್ಷೆಗೆ ಅರ್ಥವಿಲ್ಲ. ಯಂತ್ರ ಏಳಲೇ ಒಲ್ಲೆನೆಂದರೆ ಹೆದರಬೇಕಾಗಿಲ್ಲ; ವಿದ್ಯುತ್ತನ್ನು ತೆಗೆದು, ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನು ಕೆಲಹೊತ್ತು ತೆಗೆದಿಟ್ಟರೆ ಸಾಮಾನ್ಯವಾಗಿ ಮೂಲ ಅಂಕೆಗಳು ಮರಳುತ್ತವೆ.

ವೋಲ್ಟೇಜಿನ ವಿಷಯದಲ್ಲಿ ಧಾರಾಳತನ ಸಲ್ಲದು. ಇಂಟೆಲ್ ಕಂಪನಿಯ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು, ಯಾರೂ ಓವರ್‌ಕ್ಲಾಕ್ ಮಾಡದಿದ್ದರೂ, ಅತಿಯಾದ ವೋಲ್ಟೇಜಿನಿಂದಲೇ ಸವೆದು ಅಸ್ಥಿರವಾದವು. 2024ರಲ್ಲಿ ಕಂಪನಿಯು ತಿದ್ದುಪಡಿಯನ್ನು ಹೊರಡಿಸಿ, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಸವೆದುಹೋದ ಚಿಪ್ಪನ್ನು ಮಾತ್ರ ಯಾವ ತಿದ್ದುಪಡಿಯೂ ಮೊದಲಿನಂತೆ ಮಾಡಲಾರದು.

ಇಳಿಸುವ ಜಾಣ್ಮೆ

ಹಾಗೆಂದ ಮಾತ್ರಕ್ಕೆ ಉತ್ಸಾಹಿ ತರುಣನು ಕೈಕಟ್ಟಿ ಕೂಡಬೇಕೆಂದಲ್ಲ. ಬಿಸಿಲ ನಾಡಿಗೆ ಒಪ್ಪುವ ಇನ್ನೊಂದು ವಿದ್ಯೆಯಿದೆ: ವೇಗವನ್ನು ಇದ್ದಂತೆಯೇ ಬಿಟ್ಟು ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು. ಮೇಲೆ ಹೇಳಿದ ವರ್ಗದ ಲೆಕ್ಕವೇ ಇಲ್ಲಿ ಮಿತ್ರನಾಗುತ್ತದೆ. ವೋಲ್ಟೇಜು ನೂರಕ್ಕೆ 5 ಇಳಿದರೆ ಬಿಸಿ ನೂರಕ್ಕೆ ಹತ್ತರ ಸುಮಾರು ಇಳಿಯುತ್ತದೆ. ಬಿಸಿಗೆ ಅಂಜಿ ಹೆಜ್ಜೆ ಹಿಂದಿಡುತ್ತಿದ್ದ ಪ್ರೊಸೆಸರು ಆಗ ತನ್ನ ಪೂರ್ಣ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲಬಲ್ಲುದು. ಪರೀಕ್ಷೆ ಮಾತ್ರ ಇದಕ್ಕೂ ತಪ್ಪದು. ವೋಲ್ಟೇಜು ಸಾಲದಿದ್ದರೂ ಲೆಕ್ಕ ತಪ್ಪುತ್ತದೆ.

ಮಗನು ಈ ರಜೆಯಲ್ಲಿ ಧೂಳನ್ನು ಹೊಡೆದು, ಲೇಪವನ್ನು ಬದಲಿಸಿ, ವೋಲ್ಟೇಜನ್ನು ಹದವಾಗಿ ಇಳಿಸಿ, ಮನೆಯ ಕಡತಗಳಿಗೆ ಎರಡನೆಯ ಪ್ರತಿಯನ್ನು ಮಾಡಿಕೊಟ್ಟು ಹೋದರೆ ತಂದೆಗೆ ಹೊಸ ಯಂತ್ರದ ಖರ್ಚು ಒಂದೆರಡು ವರ್ಷ ಮುಂದಕ್ಕೆ ಹೋದೀತು. ಅಷ್ಟಾದ ಮೇಲೂ ಗುಣಕವನ್ನು ಏರಿಸುವ ಹಂಬಲ ಉಳಿದಿದ್ದರೆ, ಮನೆಯವರ ಕಡತಗಳಿಲ್ಲದ ಹಳೆಯ ಯಂತ್ರವೊಂದರ ಮೇಲೆ ಅದನ್ನು ತೀರಿಸಿಕೊಳ್ಳಲಿ.