ಮಡಗಾಸ್ಕರ್: ಕಾಶಿಕಣಗಿಲೆಯ ತವರು

ಜಯನಗರ, ಬನಶಂಕರಿಯ ಮನೆಯಂಗಳಗಳಲ್ಲಿ ಪೂಜೆಗೆ ಒದಗುವ ಕಾಶಿಕಣಗಿಲೆಯ, ಅರ್ಥಾತ್ ನಿತ್ಯಪುಷ್ಪದ, ತವರು ಕಾಶಿಯಲ್ಲ. ಆಫ್ರಿಕ ಖಂಡದ ಆಗ್ನೇಯಕ್ಕೆ ಹಿಂದೂ ಮಹಾಸಾಗರದಲ್ಲಿರುವ ದ್ವೀಪರಾಷ್ಟ್ರ ಮಡಗಾಸ್ಕರ್. ಬೇಸಿಗೆಯಲ್ಲಿ ನಮ್ಮ ಬೀದಿಗಳನ್ನು ಕೆಂಪಾಗಿಸುವ ಗುಲ್‌ಮೊಹರ್ ಕೂಡ ಅಲ್ಲಿಯದೇ.

ಕರ್ನಾಟಕದ ಮೂರರಷ್ಟು ವಿಸ್ತಾರವಾದ ಈ ದ್ವೀಪವು ಸುಮಾರು 8.8 ಕೋಟಿ ವರ್ಷಗಳ ಹಿಂದೆ ನಮ್ಮ ಭೂಭಾಗದಿಂದ ಬೇರ್ಪಟ್ಟಿತು. ಆ ಕಾಲದಲ್ಲಿ ಉಕ್ಕಿದ ಲಾವಾರಸವು ತಣಿದು ನಿಂತ ಕಲ್ಲುಕಂಬಗಳನ್ನು ಮಲ್ಪೆಯ ಸಮೀಪದ ಸೇಂಟ್ ಮೇರೀಸ್ ದ್ವೀಪದಲ್ಲಿ ಇಂದಿಗೂ ಕಾಣಬಹುದು. ಒಂಟಿಯಾದ ಆ ನಾಡಿನಲ್ಲಿ ಬೇರೆಲ್ಲಿಯೂ ಸಹಜವಾಗಿ ಕಾಣಸಿಗದ ಜೀವಿಗಳು ರೂಪುಗೊಂಡವು. ಕೋತಿಯ ದೂರದ ಬಂಧುವಾದ ಲೆಮೂರ್ ಅವುಗಳಲ್ಲಿ ಪ್ರಸಿದ್ಧ.

ಅಲ್ಲಿನ ಜನರ ಮಲಗಾಸಿ ಭಾಷೆಯ ಮೂಲವು ಸಾಗರದಾಚೆಯ ಬೋರ್ನಿಯೋದಲ್ಲಿದೆ. ಅನ್ನವೇ ಅವರ ಮುಖ್ಯ ಆಹಾರ. ಡುಬ್ಬದ ದನಗಳೇ ಸಂಪತ್ತು. ಪೂರ್ವಿಕರಲ್ಲಿ ಅವರಿಗೆ ಅಪಾರ ಗೌರವ.

ಕಾಶಿಕಣಗಿಲೆಯಿಂದ ದೊರೆತ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಮುಖ್ಯ ಔಷಧಗಳಲ್ಲೊಂದು. ಆದರೆ ಬಡವರ ಬೇಸಾಯಕ್ಕೂ ಒಲೆಯ ಇದ್ದಲಿಗೂ ಅಲ್ಲಿನ ಅರಣ್ಯ ಕರಗುತ್ತಿದೆ. ಗುಣವನ್ನು ಯಾರೂ ಅರಿಯುವ ಮೊದಲೇ ಅಳಿಯುವ ಸಸ್ಯಗಳೆಷ್ಟೋ! ಪೂಜೆಗೆ ಹೂವೇರಿಸುವಾಗ ಅದನ್ನು ಹೆತ್ತ ಕಾಡೂ ನಮ್ಮ ನೆನಪಿನಲ್ಲಿರಲಿ.