ಬೆಳಿಗ್ಗೆ ಹೋಗಿ ಸಂಜೆ ಬರುವ ಆಪರೇಶನ್ನು

ಡೊಂಬಿವಲಿಯಿಂದ ಓದುಗಳೊಬ್ಬಳು ಪತ್ರ ಬರೆದಿದ್ದಾಳೆ. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ. ಇನ್ನು ಮೂರು ವಾರಕ್ಕೆ ಮದುವೆ. ಅಷ್ಟರೊಳಗೆ ಹೊಟ್ಟೆಯ ಮತ್ತು ಸೊಂಟದ ಕೊಬ್ಬನ್ನು ಲೈಪೊಸಕ್ಷನ್ ಮಾಡಿಸಿ ತೆಗೆಸಬೇಕೆಂದಿದ್ದಾಳೆ. “ಪ್ರಜ್ಞೆ ತಪ್ಪಿಸುವುದಿಲ್ಲವಂತೆ, ಲೋಕಲ್ ಅನಸ್ತೇಶಿಯಾದಲ್ಲೇ ಆಗುತ್ತದಂತೆ. ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡಬಹುದಂತೆ. ಅಮ್ಮನಿಗೆ ಹೇಳಲೇಬೇಕೆ?” ಎಂಬುದು ಅವಳ ಪ್ರಶ್ನೆ.

ಹೌದಮ್ಮಾ, ಹೇಳಬೇಕು. ಅಮ್ಮನಿಗೆ ಹೇಳಲು ಆಗದಿದ್ದರೆ ಆ ರಾತ್ರಿ ನಿನ್ನ ಪಕ್ಕದಲ್ಲಿ ಇರಬಲ್ಲ ಇನ್ನೊಬ್ಬರಿಗಾದರೂ ಹೇಳಬೇಕು. ಯಾಕೆಂಬುದು ಉಳಿದ ತರುಣ ತರುಣಿಯರಿಗೂ ತಿಳಿದಿರುವುದು ಒಳ್ಳೆಯದು.

ಹಲ್ಲು ಕೀಳುವಾಗ ವಸಡಿಗೆ ಚುಚ್ಚುವ ಲಿಗ್ನೋಕೇಯ್ನ್ ನಿಮಗೆ ಗೊತ್ತು. ಲೈಪೊಸಕ್ಷನ್ನಿಗೂ ಅದೇ ಮದ್ದು. ಅದನ್ನು ಸಲೈನ್ ನೀರಿನಲ್ಲಿ ಬಹಳ ತೆಳ್ಳಗೆ ಮಾಡಿ, ಸ್ವಲ್ಪ ಎಡ್ರಿನಲಿನ್ ಬೆರೆಸಿ, ಚರ್ಮದ ಕೆಳಗಿನ ಕೊಬ್ಬಿಗೆ ಲೀಟರುಗಟ್ಟಲೆ ತುಂಬುತ್ತಾರೆ. ಎಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರಕ್ತ ಹೆಚ್ಚು ಹೋಗುವುದಿಲ್ಲ. ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಪ್ರಕಟಿಸಿದ ಈ ವಿಧಾನ ನಿಜಕ್ಕೂ ದೊಡ್ಡ ಉಪಕಾರ. ಅದನ್ನು ನಾನು ಹೀಗಳೆಯುತ್ತಿಲ್ಲ.

ಮೇಜಿನ ಮೇಲೆ ಏನಾಗುತ್ತದೆ? ನೀರು ತುಂಬುವಾಗ ಉರಿ, ಚಳಿ, ಹೊಟ್ಟೆ ಬಿಗಿದು ತಮಟೆಯಂತಾದ ಅನುಭವ. ಇದಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಆಮೇಲೆ ಮದ್ದು ಹಿಡಿಯಲೆಂದು ಅರ್ಧ ಗಂಟೆಯಷ್ಟು ಕಾಯಿಸುತ್ತಾರೆ. ಕೆಲವೇ ಮಿಲಿಮೀಟರಿನ ತೂತುಗಳಿಂದ ಸಣ್ಣ ಕೊಳವೆ ಹಾಕಿ ಹಿಂದೆ ಮುಂದೆ ಆಡಿಸುವಾಗ ಜಗ್ಗಿದಂತೆ, ಒಳಗೆ ಕೆರೆದಂತೆ ಅನಿಸುತ್ತದೆ. ಹೊಕ್ಕುಳ ಸುತ್ತ ಚುಚ್ಚಿದಂತೆ ನೋಯಬಹುದು. ಆಗ ಹಲ್ಲು ಕಚ್ಚಿಕೊಂಡು ಸಹಿಸಬೇಡಿ, ಬಾಯಿ ಬಿಟ್ಟು ಹೇಳಿ. ನೀವು ಎಚ್ಚರವಾಗಿರುವುದರ ಲಾಭವೇ ಅದು.

ಮುಖ್ಯವಾದ ಮಾತು ಇನ್ನು ಮುಂದಿದೆ. ಕೊಬ್ಬಿನಲ್ಲಿ ತುಂಬಿದ ಲಿಗ್ನೋಕೇಯ್ನ್ ಎಲ್ಲವೂ ಹೊರಬರುವುದಿಲ್ಲ. ಅದು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ, ಸುಮಾರು 12 ಗಂಟೆಗಳ ನಂತರ ಅದರ ಪ್ರಮಾಣ ಅತಿ ಹೆಚ್ಚಾಗಿರುತ್ತದೆ. ಬೆಳಿಗ್ಗೆ 10ಕ್ಕೆ ಮಾಡಿಸಿಕೊಂಡರೆ ರಾತ್ರಿ 10ರ ಹೊತ್ತಿಗೆ! ಆಗ ಡಾಕ್ಟರು ಅವರ ಮನೆಯಲ್ಲಿ, ನೀವು ನಿಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು. ತುಟಿ ನಾಲಿಗೆ ಜೋಮು ಹಿಡಿದಂತಾಗುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಬಾಯಿಗೆ ಲೋಹದ ರುಚಿ, ಮಾತು ತೊದಲುವುದು, ಸ್ನಾಯು ಅದುರುವುದು, ಇವು ಮದ್ದು ಮಿತಿ ಮೀರಿದ ಗುರುತುಗಳು. ಹೀಗಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಮಂಪರಿನಲ್ಲಿರುವ ನೀವೇ ಇದನ್ನು ಗಮನಿಸಬಲ್ಲಿರಾ?

ಲೆಕ್ಕ ನೀವೂ ಹಾಕಬಹುದು. ಎಡ್ರಿನಲಿನ್ ಬೆರೆತ ಲಿಗ್ನೋಕೇಯ್ನ್ ಇಂಜೆಕ್ಷನ್ನಿನ ಸಾಮಾನ್ಯ ಮಿತಿ ದೇಹತೂಕದ ಕಿಲೋಗೆ 7 ಮಿಲಿಗ್ರಾಂ. ಈ ತೆಳು ದ್ರಾವಣದಲ್ಲಿ 35ರವರೆಗೆ ಸುರಕ್ಷಿತವೆಂದು ಕ್ಲೈನ್ 1990ರಲ್ಲಿ ತೋರಿಸಿದರು. ಅದಕ್ಕೂ ಮೇಲೆ ಹೋಗುವವರಿದ್ದಾರೆ. 60 ಕಿಲೋ ತೂಗುವವಳಿಗೆ 35ರಂತೆ 2,100 ಮಿಲಿಗ್ರಾಂ. ಲೀಟರಿಗೆ ಸಾವಿರ ಮಿಲಿಗ್ರಾಂ ಬೆರೆಸಿದರೆ ಎರಡು ಲೀಟರಿಗೇ ಮಿತಿ ಮುಗಿಯಿತು. ಹೊಟ್ಟೆ, ಸೊಂಟ, ತೊಡೆ, ತೋಳು ಎಲ್ಲವನ್ನೂ ಒಂದೇ ದಿನ ಮಾಡಿಕೊಡುತ್ತೇವೆ ಎನ್ನುವವರನ್ನು “ನನಗೆಷ್ಟು ಮಿಲಿಗ್ರಾಂ ಕೊಡುತ್ತೀರಿ?” ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಆಮ್ಲಜನಕವೂ, ಮದ್ದು ಹೆಚ್ಚಾದಾಗ ಕೊಡುವ ಲಿಪಿಡ್ ಎಮಲ್ಶನ್ನೂ ಅಲ್ಲಿ ಇದೆಯೇ ಎಂದೂ ಕೇಳಿ. ‘ಸ್ವಲ್ಪ ನಿದ್ದೆಯ ಇಂಜೆಕ್ಷನ್ನೂ ಕೊಡುತ್ತೇವೆ’ ಎಂದರೆ ಅರಿವಳಿಕೆ ತಜ್ಞರು ಇರಲೇಬೇಕು.

ಇನ್ನೊಂದು ಮಾತು, ನಮ್ಮ ಮುಂಬಯಿಯವರಿಗೆ. ಮಳೆಗಾಲದಲ್ಲಿ ಗಜಕರ್ಣಕ್ಕೆಂದು ಇಟ್ರಕೊನಜೋಲ್ ನುಂಗುವವರು ಮನೆಗೊಬ್ಬರು. ಆ ಮಾತ್ರೆ, ಎರಿಥ್ರೊಮೈಸಿನ್‌ನಂಥ ಕೆಲವು ಆಂಟಿಬಯಾಟಿಕ್ ಮತ್ತು ಮನಸ್ಸಿನ ಖಿನ್ನತೆಯ ಕೆಲವು ಮಾತ್ರೆಗಳು ಲಿಗ್ನೋಕೇಯ್ನ್ ಕರಗುವುದನ್ನು ತಡಮಾಡಬಹುದು. ‘ಅದೇನು ಮಹಾ, ಚರ್ಮದ ಮಾತ್ರೆ’ ಎಂದು ಮುಚ್ಚಿಡಬೇಡಿ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸಿಕೊಳ್ಳಲು ಹೋಗಿ ಅದೇ ದಿನ ತೀರಿಕೊಂಡಳು. ಮಗಳು ತಮಗೆ ತಿಳಿಸಿರಲಿಲ್ಲವೆಂದು ಹೆತ್ತವರು ಗೋಳಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಕಾರಣಗಳ ವಿಚಾರ ಬೇರೆ. ಆ ಹೆತ್ತವರ ಮಾತು ಮಾತ್ರ ನನಗೆ ಮರೆಯುವುದಿಲ್ಲ.

ಎಲ್ಲ ಸರಿಯಾಗಿ ನಡೆದರೂ ಮೊದಲ ಒಂದೆರಡು ದಿನ ತೂತುಗಳಿಂದ ಕೆಂಪು ನೀರು ಸೋರುತ್ತದೆ. ಹಳೆಯ ಬೆಡ್‌ಶೀಟಿನ ಕೆಳಗೆ ಪ್ಲಾಸ್ಟಿಕ್ ಹಾಸಿಕೊಳ್ಳಿ, ಹೆದರಬೇಡಿ. ಬಚ್ಚಲಿಗೆ ಏಳುವಾಗ ತಲೆ ಸುತ್ತಬಹುದು. ಬಿಗಿಯುಡುಪನ್ನು ಕೆಲವು ವಾರ ತೊಡಬೇಕು. ನಮ್ಮ ಸೆಕೆಯಲ್ಲಿ ಅದೊಂದು ತಪಸ್ಸು. ಜ್ವರ, ಉಸಿರುಕಟ್ಟುವಿಕೆ, ಒಂದೇ ಕಾಲಿನ ಬಾವು ಕಂಡರೆ ತಡಮಾಡಬಾರದು. ಹೊಟ್ಟೆಯೊಳಗೆ ಕರುಳಿನ ಸುತ್ತ ಕೂತ ಕೊಬ್ಬಿಗೆ ಕೊಳವೆ ತಲುಪುವುದಿಲ್ಲ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎನ್ನುವ ನಮ್ಮ ಗಂಡುಮಕ್ಕಳು ಇದನ್ನು ನೆನಪಿಡಲಿ.

ಇನ್ನು ಡೊಂಬಿವಲಿಯ ಮದುಮಗಳ ಮೂರು ವಾರ. ಚರ್ಮ ನೀಲಿಗಟ್ಟಿದ್ದು ಮಾಯಲು ಎರಡು ವಾರವಾದರೂ ಬೇಕು. ಬಾವು ಇಳಿದು ಕೊನೆಯ ಆಕಾರ ಕಾಣಲು ಮೂರರಿಂದ ಆರು ತಿಂಗಳು. ಮುಹೂರ್ತದ ದಿನ ನಿನ್ನ ಸೊಂಟ ಈಗಿನದಕ್ಕಿಂತ ದಪ್ಪ ಕಂಡರೂ ಕಂಡೀತು. ಟೈಲರಿಗೆ ಕೊಟ್ಟ ರವಿಕೆಯ ಅಳತೆ ಹಾಗೇ ಇರಲಿ. ಮದುವೆಯ ನಂತರವೂ ಮನಸ್ಸಿದ್ದರೆ ಇನ್ನೊಂದು ಪತ್ರ ಬರೆ, ಈ ಸಲ ಅಮ್ಮನಿಗೂ ತೋರಿಸಿ.